ಮುನ್ಷಿ ಇಲ್ಲದ ಕಾಗದ

ನಮ್ಮ ಅಪ್ಪ ಒಂದು ಕಾಗದವನ್ನು ತಗಡಿನ ಕೊಳವೆಯಲ್ಲಿ ಸುತ್ತಿಟ್ಟು ಕಾಪಾಡಿಕೊಂಡು ಬಂದಿದ್ದರು. ಭಾಲ್ಕಿ ತಾಲ್ಲೂಕಿನ ನಮ್ಮ ಊರಲ್ಲಿರುವ ಎರಡು ತುಂಡು ಹೊಲದ ಕಾಗದ, ನಿಜಾಮರ ಕಾಲದ್ದು. 1969ರಲ್ಲಿ ಬದುವಿನ ತಕರಾರು ಎದ್ದಾಗ ಆ ಕೊಳವೆಯನ್ನು ಕಂಕುಳಲ್ಲಿಟ್ಟುಕೊಂಡು ಬೀದರಿಗೆ ಹೊರಟರು. ಹತ್ತನೆಯ ಇಯತ್ತೆಯಲ್ಲಿದ್ದ ನಾನು ಜೊತೆಗೆ ಹೋದೆ. ಕಚೇರಿ ಅಂಗಳದ ಬೇವಿನ ಮರದ ಕೆಳಗೆ ಒಬ್ಬ ಮುದಿ ಮುನ್ಷಿ ಕೂತಿದ್ದರು. ಅವರು ಕಾಗದ ಬಿಡಿಸಿ, ಸುರುಳಿ ಮುಚ್ಚಿಕೊಳ್ಳದಂತೆ ಒಂದು ತುದಿಗೆ ಮಸಿಕುಡಿಕೆ, ಇನ್ನೊಂದು ತುದಿಗೆ ತಮ್ಮ ಎಲೆಅಡಿಕೆ ಡಬ್ಬಿ ಇಟ್ಟರು. ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಉರ್ದು ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದರು. ಕಾಗದದ ಅಂಚಿಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಪಟವಾರಿ ಮರಾಠಿಯ ಓಡುಬರಹವಾದ ಮೋಡಿ ಅಕ್ಷರದಲ್ಲಿ ನಾಲ್ಕು ಸಾಲು ಗೀಚಿದ್ದ.

‘ಇದು ನನಗ ಬರಂಗಿಲ್ಲ ಪಾಟೀಲ್ರೇ. ಮೋಡಿ ಓದೋರನ್ನ ಬ್ಯಾರೆ ಹುಡುಕ್ರಿ’ ಅಂದರು.

ಬದು ಎಲ್ಲಿದೆ ಎಂಬುದು ಇದ್ದದ್ದು ಆ ನಾಲ್ಕು ಸಾಲಿನಲ್ಲೇ. ಅದನ್ನು ಓದಿಸಲು ಗಡಿ ದಾಟಿ ಉದಗೀರಿಗೆ ಹೋಗಬೇಕಾಯಿತು. ಬಸ್ಸಿನಲ್ಲಿ ಅಪ್ಪ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: ‘ಹೊಲ ನಮ್ದು, ಕಾಗದ ನಮ್ದು, ಓದೋ ಕಣ್ಣು ಮಾತ್ರ ಮಂದೀದು.’

ನಮ್ಮ ಕಡೆಯವರಿಗೆ ಇದು ಹೊಸ ಕಥೆಯಲ್ಲ. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನದ ದಫ್ತರದ ಭಾಷೆ ಮೊದಲು ಪಾರ್ಸಿ, 1884ರಿಂದ ಉರ್ದು. ಹಳ್ಳಿಯ ಲೆಕ್ಕ ಬರೆಯುವವನ ಕೈಬರಹ ಬಹಳ ಕಡೆ ಮೋಡಿ. ಒಂದೇ ಹೊಲದ ಕಥೆ ಬೇರೆ ಬೇರೆ ಭಾಷೆ, ಲಿಪಿಗಳಲ್ಲಿ ಹಂಚಿಹೋಗಿರುತ್ತಿತ್ತು. ಹೈದರಾಬಾದಿಗೆ ಬಂದ ಮೇಲೆ ತಾರ್ನಾಕಾದ ರಾಜ್ಯ ದಫ್ತರಖಾನೆಗೆ ಒಮ್ಮೆ ಹೋಗಿದ್ದೆ. ಷಹಜಹಾನ್, ಔರಂಗಜೇಬರ ಕಾಲದ ಮೊಗಲ್ ಕಾಗದಗಳು ಅಲ್ಲಿ ಲಕ್ಷಕ್ಕೂ ಮೀರಿ ಇವೆ. ಹೆಚ್ಚಿನವು ಶಿಕಸ್ತಾ ಎಂಬ ಓಡುಬರಹದ ಪಾರ್ಸಿಯಲ್ಲಿವೆ. ಕಾಗದ ಗಟ್ಟಿಯಾಗಿದೆ, ಮಸಿ ಮಾಸಿಲ್ಲ. ಅಲ್ಲಿದ್ದ ಒಬ್ಬ ನೌಕರರು ಕಪಾಟು ತೋರಿಸುತ್ತ ಹೇಳಿದರು: ‘ಪಢ್ನೇವಾಲೇ ನಹೀಂ ರಹೇ ಸಾಬ್.’ ಓದುವವರೇ ಉಳಿದಿಲ್ಲ ಎಂದು.

ನಾನು ಹೈದರಾಬಾದಿಗೆ ಬಂದದ್ದು 1976ರಲ್ಲಿ, ಟೈಪಿಸ್ಟ್ ಕೆಲಸಕ್ಕೆ. ಕಡೆಯ ಹದಿನೈದು ವರ್ಷ ದಾಖಲೆ ವಿಭಾಗದಲ್ಲಿದ್ದು 2012ರಲ್ಲಿ ನಿವೃತ್ತನಾದೆ. ರೆಮಿಂಗ್ಟನ್ ಯಂತ್ರದಲ್ಲಿ ಬಡಿದ ಹಾಳೆ ಇವತ್ತಿಗೂ ಓದಲು ಬರುತ್ತದೆ. ಎಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಬಂತು, ವರ್ಡ್‌ಸ್ಟಾರ್ ಕಲಿತೆವು, ಲೆಕ್ಕಕ್ಕೆ ಲೋಟಸ್ ಕಲಿತೆವು. ನಾಲ್ಕೈದು ವರ್ಷ ಬಿಟ್ಟು ವರ್ಡ್ ಬಂದಾಗ ಹಳೆಯ ವರ್ಡ್‌ಸ್ಟಾರ್ ಕಡತಗಳನ್ನು ಬೇರೆ ತಂತ್ರಾಂಶದಲ್ಲಿ ತೆರೆದು ನೋಡಿದೆ. ಪ್ರತಿ ಪದದ ಕೊನೆಯ ಅಕ್ಷರ ವಿಕಾರವಾಗಿತ್ತು. ವರ್ಡ್‌ಸ್ಟಾರ್ ತನ್ನ ಅನುಕೂಲಕ್ಕೆ ಪದದ ಕೊನೆಯ ಅಕ್ಷರದ ಸಂಕೇತವನ್ನು ಒಂದಿಷ್ಟು ಮಾರ್ಪಡಿಸಿ ಇಡುತ್ತಿತ್ತು. ಆ ಗುಟ್ಟು ಗೊತ್ತಿಲ್ಲದ ತಂತ್ರಾಂಶಕ್ಕೆ ಅದು ಬೇರೆಯೇ ಅಕ್ಷರ. ಅಪ್ಪನ ಕಾಗದದ ಅಂಚು ನೆನಪಾದದ್ದು ಆಗಲೇ.

ಕನ್ನಡದ ಪಾಡು ಇನ್ನೂ ಕಷ್ಟ. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇರುವ ಕಾಚಿಗುಡದ ಸುತ್ತಮುತ್ತ ನಾವು ಕೆಲವರು ಸೇರಿ ಒಂದು ಚಿಕ್ಕ ಸಂಘ ಕಟ್ಟಿಕೊಂಡಿದ್ದೆವು. ವರ್ಷಕ್ಕೊಂದು ಸ್ಮರಣ ಸಂಚಿಕೆ ತರುತ್ತಿದ್ದೆವು. 1998ರ ಸಂಚಿಕೆಯನ್ನು ನಾನೇ ಕಂಪ್ಯೂಟರಿನಲ್ಲಿ ಕೂಡಿಸಿದ್ದೆ. ಹೈದರಾಬಾದ್ ವಿಮೋಚನೆಗೆ ಐವತ್ತು ವರ್ಷ ತುಂಬಿದ ಸಂಚಿಕೆ ಅದು. ನಿಜಾಮರ ಪರ ನಿಂತಿದ್ದ ರಜಾಕಾರ ಪಡೆಯ ದಿನಗಳನ್ನು ಕಣ್ಣಾರೆ ಕಂಡ ಹನ್ನೊಂದು ಮಂದಿ ಹಿರಿಯರ ನೆನಪುಗಳು ಅದರಲ್ಲಿದ್ದವು. 2006ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸೋಣವೆಂದು ಸಿ.ಡಿ. ಹಾಕಿದೆ. ಕಡತ ತೆರೆಯಿತು, ಕನ್ನಡ ಬರಲಿಲ್ಲ. ‘ಕನ್ನಡ’ ಎಂಬ ಮೂರಕ್ಷರ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರು ಬಳಸುವ ಜೋಡಿ ಎಸ್, ಒಂದು ಕ್ಯೂ, ಮತ್ತೆ ಎ. ಇಡೀ ಸಂಚಿಕೆ ಹೀಗೆಯೇ.

ಕಾರಣ ಸರಳ. ಆಗಿನ ಕನ್ನಡ ತಂತ್ರಾಂಶಗಳು ಕನ್ನಡ ಅಕ್ಷರವನ್ನು ಕನ್ನಡವೆಂದು ಉಳಿಸುತ್ತಿರಲಿಲ್ಲ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು, ಎಂದರೆ ಒಂದು ತಲೆಕಟ್ಟು, ಒಂದು ಒತ್ತು, ಒಂದು ಕೊಂಬು, ಹೀಗೆ ಬಿಡಿಸಿ ಕೂರಿಸುತ್ತಿದ್ದವು. ಆಯಾ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೀಚು. ಶ್ರೀಲಿಪಿಯದೊಂದು ಜೋಡಣೆ, ಆಕೃತಿಯದು ಇನ್ನೊಂದು, ಪ್ರಕಾಶಕ್‌ನದು ಮತ್ತೊಂದು. ಯುನಿಕೋಡ್ 1991ರಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಲೋಕಕ್ಕೆಲ್ಲ ಒಂದೇ ಆದ ಸಂಖ್ಯೆ ಕೊಟ್ಟಿತ್ತು. ಆದರೆ ಸಾಮಾನ್ಯರ ಮೇಜಿಗೆ ಅದು ಬಂದದ್ದು 2001ರ ಈಚೆಗೆ, ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟನ್ನು ಹೊತ್ತು ಬಂದ ಮೇಲೆ. ನಮ್ಮ ಹನ್ನೊಂದು ಹಿರಿಯರಲ್ಲಿ ಆ ಹೊತ್ತಿಗೆ ಏಳು ಮಂದಿ ತೀರಿಕೊಂಡಿದ್ದರು.

ಇಷ್ಟು ಹೇಳಿದ್ದು ಏಕೆಂದರೆ, 2007-08ರಲ್ಲಿ ಕಚೇರಿ ಕಡತಗಳ ಅಂತಾರಾಷ್ಟ್ರೀಯ ಮಾನಕದ ಬಗ್ಗೆ ದೊಡ್ಡ ಜಗಳ ನಡೆದಾಗ ನನ್ನಂಥ ಗುಮಾಸ್ತ ಅದಕ್ಕೆ ಯಾಕೆ ತಲೆ ಹಾಕಿದ ಎಂದು ಓದುಗರಿಗೆ ತಿಳಿಯಬೇಕು. ಪತ್ರಿಕೆಗಳಲ್ಲಿ ಅದು ವ್ಯಾಪಾರ ಪುಟದ ಮೂಲೆಯ ಸುದ್ದಿಯಾಗಿತ್ತು. ನನಗೆ ಅದು ಮುನ್ಷಿಯ ಬೇವಿನ ಮರದ ಕೆಳಗಿನ ಸುದ್ದಿ.

2007ರಲ್ಲಿ ನಮ್ಮ ಕಚೇರಿಗೆ ಹೊರಗಿನಿಂದ ಬರುವ ಟೆಂಡರ್ ಕಾಗದಗಳ ಹೆಸರಿನ ಬಾಲದಲ್ಲಿ ಒಂದು ಹೊಸ ಅಕ್ಷರ ಕಾಣಿಸಿಕೊಂಡಿತು. ಡಾಕ್ ಇದ್ದದ್ದು ಡಾಕ್ಸ್ ಆಯಿತು. ಆಫೀಸ್ 2007 ಕೊಂಡವರು ಕಳಿಸಿದ್ದು ನಮ್ಮ ಹಳೆಯ ಯಂತ್ರಗಳಲ್ಲಿ ತೆರೆಯುತ್ತಿರಲಿಲ್ಲ. ಬೇರೊಂದು ತುಣುಕು ತಂತ್ರಾಂಶ ಇಳಿಸಿಕೊಳ್ಳಬೇಕಿತ್ತು. ನಮ್ಮ ವಿಭಾಗದಲ್ಲಿ ವರಂಗಲ್ ಕಡೆಯ ಒಬ್ಬ ಹುಡುಗನಿದ್ದ. ಭಾನುವಾರಗಳಲ್ಲಿ ಸ್ವೇಚ್ಛಾ ಎಂಬ ಇಲ್ಲಿನ ಮುಕ್ತ ತಂತ್ರಾಂಶ ಸಂಘಟನೆಯವರ ಜೊತೆ ಕಂಪ್ಯೂಟರಿಗೆ ತೆಲುಗು ಕಲಿಸುವ ಕೆಲಸ ಮಾಡುತ್ತಿದ್ದ. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು, ‘ಸಾರ್, ಇದರ ಹೊಟ್ಟೇಲಿ ಏನಿದೆ ತೋರಿಸ್ತೀನಿ’ ಎಂದು ನನ್ನಿಂದ ಎರಡು ಸಾಲು ಹೊಡೆಸಿ ಡಾಕ್ಸ್ ಆಗಿ ಉಳಿಸಿದ ಕಡತದ ಬಾಲ ತೆಗೆದು ಜಿಪ್ ಎಂದು ಬರೆದ. ಕಡತ ಒಂದು ಗಂಟಿನಂತೆ ಬಿಚ್ಚಿಕೊಂಡಿತು. ಒಳಗೆ ಕೆಲವು ಕೋಶಗಳು, ಅವುಗಳಲ್ಲಿ ಚಿಕ್ಕ ಚಿಕ್ಕ ಕಡತಗಳು. ವರ್ಡ್ ಎಂಬ ಕೋಶದೊಳಗೆ ಡಾಕ್ಯುಮೆಂಟ್ ಎಂಬುದೊಂದು. ಅದನ್ನು ಬರಿಯ ನೋಟ್‌ಪ್ಯಾಡಿನಲ್ಲಿ ತೆರೆದ.

ನಾನು ಯುನಿಕೋಡಿನಲ್ಲಿ ಹೊಡೆದಿದ್ದ ಎರಡು ಸಾಲು ಕನ್ನಡ ಅಲ್ಲಿ ಇದ್ದಂತೆಯೇ ಇತ್ತು. ಕೋನಾಕಾರದ ಆವರಣಗಳ ಕಾಡಿನ ನಡುವೆ ‘ಮಾನ್ಯರೇ’ ಎಂಬ ಪದ ಸ್ಪಷ್ಟವಾಗಿ ಕಂಡಿತು. ಪ್ಯಾರಾ ಎಲ್ಲಿ ಶುರು, ಎಲ್ಲಿ ಮುಗಿಯಿತು, ದಪ್ಪಕ್ಷರ ಯಾವುದು, ಎಲ್ಲಕ್ಕೂ ಗುರುತುಗಳಿದ್ದವು. ಆಮೇಲೆ ಓಪನ್‌ಆಫೀಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಅದೇ ಎರಡು ಸಾಲು ಬರೆದು, ಅದರ ಓಡಿಟಿ ಕಡತವನ್ನೂ ಹಾಗೆಯೇ ಬಿಚ್ಚಿದ. ಅದರಲ್ಲಿ ಕಂಟೆಂಟ್ ಎಂಬ ಕಡತದೊಳಗೆ ಅದೇ ‘ಮಾನ್ಯರೇ’. ಎರಡೂ ಓದಲು ಬರುವ ಗಂಟುಗಳೇ. ‘ಹಾಗಾದ್ರೆ ಜಗಳ ಯಾತಕ್ಕಪ್ಪಾ?’ ಎಂದು ಕೇಳಿದೆ. ‘ಆ ಗುರುತುಗಳ ಅರ್ಥ ಯಾರು ಬರೀತಾರೆ, ಯಾರು ಬದಲಾಯಿಸ್ತಾರೆ ಅನ್ನೋದಕ್ಕೆ ಸಾರ್’ ಅಂದ.

ಕಥೆ ಹೀಗಿದೆ. ಜರ್ಮನಿಯ ಸ್ಟಾರ್‌ಡಿವಿಷನ್ ಎಂಬ ಕಂಪನಿ ಸ್ಟಾರ್‌ಆಫೀಸ್ ಮಾಡಿತ್ತು. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ಕೊಂಡು, ಮರುವರ್ಷ ಅದರ ಮೂಲ ಬರಹವನ್ನು ಓಪನ್‌ಆಫೀಸ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅದರ ಕಡತ ವಿನ್ಯಾಸವೇ ಬೆಳೆದು ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್, ಚಿಕ್ಕದಾಗಿ ಓಡಿಎಫ್, ಆಯಿತು. ಓಯಾಸಿಸ್ ಎಂಬ ಸಂಸ್ಥೆ 2005ರ ಮೇ ತಿಂಗಳಲ್ಲಿ ಅದನ್ನು ಒಪ್ಪಿತು, 2006ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ಒಪ್ಪಿ 26300 ಎಂಬ ಸಂಖ್ಯೆ ಕೊಟ್ಟಿತು. ಆ ಹೊತ್ತಿಗೆ ಗಾಳಿ ಬಿಸಿಯೇರಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2005ರ ಸೆಪ್ಟೆಂಬರಿನಲ್ಲಿ ತನ್ನ ಸರ್ಕಾರಿ ಕಡತಗಳೆಲ್ಲ ಮುಕ್ತ ವಿನ್ಯಾಸದಲ್ಲಿರಬೇಕೆಂದು ತೀರ್ಮಾನಿಸಿತು. ಆ ತೀರ್ಮಾನದ ಹಿಂದಿದ್ದ ಅಧಿಕಾರಿ ಪೀಟರ್ ಕ್ವಿನ್ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಹೋದರು.

ಮೈಕ್ರೋಸಾಫ್ಟ್ ಸುಮ್ಮನಿರಲಿಲ್ಲ. ತನ್ನ ಹೊಸ ಡಾಕ್ಸ್ ವಿನ್ಯಾಸವನ್ನು ಎಕ್ಮಾ ಎಂಬ ಯೂರೋಪಿನ ಸಂಸ್ಥೆಯ ಮುಂದಿಟ್ಟಿತು. 2006ರ ಡಿಸೆಂಬರ್ 7ರಂದು ಎಕ್ಮಾ ಅದನ್ನು ಒಪ್ಪಿತು. ವಿರೋಧಿಸಿದ್ದು ಐಬಿಎಂ ಒಂದೇ. ಆಮೇಲೆ ಅದು ಓಓಎಕ್ಸ್‌ಎಂಎಲ್ ಎಂಬ ಹೆಸರಿನಲ್ಲಿ ಐಎಸ್‌ಒಗೆ ತ್ವರಿತ ಮಾರ್ಗದಲ್ಲಿ ಬಂತು. ಸದಸ್ಯ ದೇಶಗಳಿಗೆ ಓದಿ ಮತ ಹಾಕಲು ಐದು ತಿಂಗಳು. ಪುಟಗಳು ಆರು ಸಾವಿರಕ್ಕೂ ಮೇಲೆ. ಓಡಿಎಫ್‌ನದು ಸುಮಾರು ಏಳುನೂರು. ನಾನು ಕಾಗದದ ಲೆಕ್ಕದ ಮನುಷ್ಯ. ಒಂದು ಮಗ್ಗುಲಿಗೆ ಮುದ್ರಿಸಿದರೆ ಹನ್ನೆರಡು ರೀಮು. ನಮ್ಮ ವಿಭಾಗದಲ್ಲಿ ಎರಡು ತಿಂಗಳಿಗೆ ಸಾಕಾಗುವಷ್ಟು ಕಾಗದ. ದಿನಕ್ಕೆ ನಲವತ್ತು ಪುಟ ಗಮನವಿಟ್ಟು ಓದಿದರೂ ಐದು ತಿಂಗಳು ಒಂದು ದಿನವೂ ಬಿಡುವಿಲ್ಲದೆ ಕೂರಬೇಕು.

ಅದರೊಳಗೆ ಏನಿತ್ತು? ಎರಡು ಮೂರು ಸಂಗತಿ ಮಾತ್ರ ಹೇಳುತ್ತೇನೆ. 1900ನೆಯ ಇಸವಿಯನ್ನು ಅಧಿಕ ವರ್ಷ ಎಂದು ಅದು ಹಿಡಿದಿತ್ತು. ನಾಲ್ಕರಿಂದ ಭಾಗವಾದರೂ ಶತಮಾನದ ವರ್ಷ ನಾನೂರರಿಂದ ಭಾಗವಾಗದಿದ್ದರೆ ಅಧಿಕ ವರ್ಷವಲ್ಲ. ಶಾಲೆಯಲ್ಲಿ ಓದಿದ್ದೇ. 1900ರ ಫೆಬ್ರವರಿ 29 ಎಂಬ ದಿನವೇ ಲೋಕದಲ್ಲಿ ಹುಟ್ಟಲಿಲ್ಲ. ಲೋಟಸ್ ಆ ತಪ್ಪು ಮಾಡಿತ್ತು. ಅದರ ಕಡತಗಳಿಗೆ ಹೊಂದಿಕೊಳ್ಳಬೇಕೆಂದು ಎಕ್ಸೆಲ್ ಅದೇ ತಪ್ಪನ್ನು ಉಳಿಸಿಕೊಂಡಿತು. ಈಗ ಅದು ಅಂತಾರಾಷ್ಟ್ರೀಯ ಮಾನಕದ ಕರಡಿನಲ್ಲಿ ನಿಯಮವಾಗಿ ಕೂತಿತ್ತು. ಇನ್ನೊಂದು: ವರ್ಡ್ 95 ಹೇಗೆ ಅಕ್ಷರಗಳ ನಡುವೆ ಜಾಗ ಬಿಡುತ್ತಿತ್ತೋ ಹಾಗೆ ಬಿಡು ಎಂಬಂಥ ಗುರುತುಗಳಿದ್ದವು. ವರ್ಡ್ 95 ಹೇಗೆ ಬಿಡುತ್ತಿತ್ತು ಎಂಬ ವಿವರಣೆ ಮೊದಲ ಕರಡಿನಲ್ಲಿರಲಿಲ್ಲ. ಅದು ಗೊತ್ತಿದ್ದವರು ಅದನ್ನು ಮಾಡಿದ ಕಂಪನಿಯವರು ಮಾತ್ರ. ನಾನು ಇದನ್ನು ಕೇಳಿದಾಗ ಕಾಗದದ ಅಂಚಿನ ಮೋಡಿ ಸಾಲುಗಳೇ ಕಣ್ಣ ಮುಂದೆ ಬಂದವು. ಕಾಗದ ಎಲ್ಲರದು, ಅಂಚಿನ ನಾಲ್ಕು ಸಾಲು ಒಬ್ಬನದು.

ಮೂರನೆಯದು ನಮ್ಮ ಭಾಷೆಗೆ ಸೇರಿದ್ದು. ಪಟ್ಟಿಗಳಿಗೆ ಕ್ರಮಸಂಖ್ಯೆ ಹಾಕುವ ಬಗೆಗಳನ್ನು ಆ ಕರಡು ಒಂದೊಂದಾಗಿ ಹೆಸರಿಸಿತ್ತು. ಹಿಂದಿಗೆ ನಾಲ್ಕು ಬಗೆ: ಸ್ವರ, ವ್ಯಂಜನ, ಅಂಕಿ, ಎಣಿಕೆಯ ಪದ. ಥಾಯ್ ಭಾಷೆಗೆ ಮೂರು. ಕನ್ನಡ ಇಲ್ಲ, ತೆಲುಗು ಇಲ್ಲ, ತಮಿಳು ಇಲ್ಲ, ಬಂಗಾಳಿ ಇಲ್ಲ. ನಮ್ಮ ಕಡೆ ಸಂಚಿಕೆಯ ಪರಿವಿಡಿಗೆ ೧, ೨, ೩ ಎಂದು ಹಾಕುವುದು ವಾಡಿಕೆ. ಆರು ಸಾವಿರ ಪುಟಗಳಲ್ಲಿ ಅದಕ್ಕೊಂದು ಸಾಲಿನ ಜಾಗ ಸಿಕ್ಕಿರಲಿಲ್ಲ. ಹೆಸರಿಸಿದ್ದಕ್ಕೆ ಮಾತ್ರ ಜಾಗ, ಹೆಸರಿಸದ್ದಕ್ಕೆ ಇಲ್ಲ ಎಂಬ ಕ್ರಮದಿಂದ ಸಣ್ಣ ಭಾಷೆಗಳಿಗೆ ಯಾವಾಗಲೂ ನಷ್ಟವೇ.

ಎದುರು ಪಕ್ಷದ ಮಾತಿನಲ್ಲೂ ಸತ್ಯವಿತ್ತು. ಲೋಕದ ಕಚೇರಿಗಳಲ್ಲಿ ಕೋಟ್ಯಂತರ ಹಳೆಯ ಡಾಕ್ ಕಡತಗಳಿವೆ, ಅವುಗಳ ರೂಪ ಒಂದಿಷ್ಟೂ ಕೆಡದಂತೆ ಹೊಸ ವಿನ್ಯಾಸಕ್ಕೆ ತರಬೇಕಾದರೆ ಹಳೆಯ ಓರೆಕೋರೆಗಳನ್ನೂ ತರಬೇಕು ಎಂದು ಅವರು ಹೇಳಿದರು. ದಾಖಲೆ ಕಾಯುವವನಾಗಿ ಆ ಮಾತನ್ನು ನಾನು ತಳ್ಳಿಹಾಕಲಾರೆ. ಓಡಿಎಫ್‌ನಲ್ಲೂ ಕೊರತೆ ಇತ್ತು. ಲೆಕ್ಕದ ಹಾಳೆಯ ಸೂತ್ರಗಳನ್ನು ಹೇಗೆ ಬರೆಯಬೇಕೆಂದು ಮೊದಲ ಆವೃತ್ತಿ ಹೇಳಿರಲೇ ಇಲ್ಲ. ವಿರೋಧ ಪಕ್ಷದಲ್ಲಿದ್ದ ಐಬಿಎಂ, ಸನ್ ಕಂಪನಿಗಳಿಗೂ ತಮ್ಮದೇ ವ್ಯಾಪಾರವಿತ್ತು. ಆದರೂ ನನ್ನ ಅಭಿಪ್ರಾಯ ಅಂದೂ ಇಂದೂ ಒಂದೇ. ಹಳೆಯ ಕಡತಗಳ ಗುಟ್ಟನ್ನು ಬಿಚ್ಚಿ ಬರೆದಿಟ್ಟರೆ ಅದು ಉಪಕಾರ. ಬಿಚ್ಚದೆ ಮಾನಕದ ಮುದ್ರೆ ಕೇಳುವುದು ತಪ್ಪು.

ಭಾರತದಲ್ಲಿ ಈ ಪ್ರಶ್ನೆ ಬಂದದ್ದು ಭಾರತೀಯ ಮಾನಕ ಬ್ಯೂರೋದ ಮುಂದೆ. ಸಿಮೆಂಟ್ ಚೀಲಕ್ಕೆ, ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಕೊಡುವ ಸಂಸ್ಥೆಯೇ ಅದು. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಸಂಕೇತ ಪದ್ಧತಿಯನ್ನು 1991ರಲ್ಲಿ ಮಾನಕ ಮಾಡಿದ್ದೂ ಅದೇ. ಯುನಿಕೋಡಿನ ಕನ್ನಡದ ಮನೆ ನಿಂತದ್ದು ಇಸ್ಕಿ ಹಾಕಿದ ತಳಪಾಯದ ಮೇಲೆ. ಬ್ಯೂರೋದ ಎಲ್‌ಐಟಿಡಿ 15 ಎಂಬ ಸಮಿತಿಗೆ ಕಡತದ ವಿಷಯ ಬಂತು. ಸರ್ಕಾರಿ ಇಲಾಖೆಗಳು, ಶಿಕ್ಷಣ ಸಂಸ್ಥೆಗಳು, ಕಂಪನಿಗಳು ಎಲ್ಲರೂ ಅದರಲ್ಲಿದ್ದರು. ಮುಂಬಯಿ ಐಐಟಿಯ ಪ್ರೊ. ದೀಪಕ್ ಫಾಟಕ್ ಅವರಂಥವರು ಆ ಚರ್ಚೆಯಲ್ಲಿ ದನಿಗೂಡಿಸಿದರು. 2007ರ ಆಗಸ್ಟ್‌ನಲ್ಲಿ ಸಮಿತಿ ‘ಒಪ್ಪಿಗೆ ಇಲ್ಲ’ ಎಂದು ತೀರ್ಮಾನಿಸಿ, ತನ್ನ ತಾಂತ್ರಿಕ ಆಕ್ಷೇಪಗಳ ಪಟ್ಟಿಯನ್ನೂ ಜೊತೆಗೆ ಕಳಿಸಿತು.

ಆ ಪಟ್ಟಿಯ ಬಗ್ಗೆ ನನಗೆ ಹೆಮ್ಮೆಯಿದೆ. ಬೇಡ ಎಂದು ಸುಮ್ಮನೆ ಬರೆಯುವುದು ಸುಲಭ. ಯಾವ ಪುಟದಲ್ಲಿ ಯಾವ ಸಾಲು ಯಾಕೆ ಸರಿಯಿಲ್ಲ ಎಂದು ಬರೆಯಬೇಕಾದರೆ ಕೂತು ಓದಿರಬೇಕು. ಯಾರೋ ಓದಿದ್ದರು.

ಬೇರೆ ದೇಶಗಳಲ್ಲಿ ನಡೆದದ್ದು ಎಲ್ಲವೂ ಹೀಗಿರಲಿಲ್ಲ. ಸ್ವೀಡನ್ನಿನಲ್ಲಿ ಮೈಕ್ರೋಸಾಫ್ಟ್ ನೌಕರನೊಬ್ಬ, ಸಮಿತಿಗೆ ಸೇರಿ ಪರವಾಗಿ ಮತ ಹಾಕಿದರೆ ವ್ಯಾಪಾರದಲ್ಲಿ ಅನುಕೂಲ ಸಿಗುತ್ತದೆಂದು ಪಾಲುದಾರ ಕಂಪನಿಗಳಿಗೆ ಬರೆದದ್ದು ಹೊರಬಿತ್ತು. ಕಂಪನಿ ಅದನ್ನು ಒಪ್ಪಿಕೊಂಡಿತು. ಸ್ವೀಡನ್ನಿನ ಮತವೇ ರದ್ದಾಯಿತು. 2007ರ ಸೆಪ್ಟೆಂಬರ್ 2ಕ್ಕೆ ಮತದಾನ ಮುಗಿದಾಗ ತಟಸ್ಥರನ್ನು ಬಿಟ್ಟು ಮತ ಹಾಕಿದ ಪೂರ್ಣ ಹಕ್ಕಿನ 32 ದೇಶಗಳಲ್ಲಿ ಪರವಾಗಿ ನಿಂತದ್ದು 17. ಬೇಕಾದದ್ದು ಮೂರರಲ್ಲಿ ಎರಡು ಪಾಲು. ಒಟ್ಟು ಮತಗಳಲ್ಲಿ ವಿರೋಧ ಕಾಲು ಭಾಗ ಮೀರಬಾರದೆಂಬ ನಿಯಮವಿತ್ತು, ಅದು 26 ಶೇಕಡಾ ಆಗಿತ್ತು. ಕರಡು ಬಿತ್ತು. ಮೂರೂವರೆ ಸಾವಿರದಷ್ಟು ಆಕ್ಷೇಪಗಳು ಬಂದಿದ್ದವು.

ಆಕ್ಷೇಪಗಳಿಗೆ ಎಕ್ಮಾ ಸಾವಿರಕ್ಕೂ ಹೆಚ್ಚು ಉತ್ತರಗಳನ್ನು ಸಿದ್ಧಮಾಡಿತು. ಅವನ್ನು ತೀರ್ಮಾನಿಸಲು 2008ರ ಫೆಬ್ರವರಿ 25ರಿಂದ 29ರವರೆಗೆ ಜಿನೀವಾದಲ್ಲಿ ಸಭೆ ಕೂಡಿತು, ಅಲೆಕ್ಸ್ ಬ್ರೌನ್ ಎಂಬ ಇಂಗ್ಲಿಷ್ ತಜ್ಞರ ಅಧ್ಯಕ್ಷತೆಯಲ್ಲಿ. ಐದು ದಿನ, ಸಾವಿರ ವಿಷಯ. ಕೆಲವನ್ನು ಮಾತ್ರ ಕೂತು ಚರ್ಚಿಸಲಾಯಿತು. ಉಳಿದ ಬಹುಪಾಲನ್ನು ಚರ್ಚೆಯಿಲ್ಲದೆ ಒಂದು ಕಾಗದದ ಮತದಲ್ಲಿ ತೀರಿಸಿದರು. ಐದು ದಿನದಲ್ಲಿ ಸಾವಿರ ಅರ್ಜಿ ವಿಲೇವಾರಿ ಮಾಡಿದ ಕಚೇರಿಯಲ್ಲಿ ಅರ್ಜಿಗಳನ್ನು ಓದಿರಲಿಲ್ಲ ಎಂದು ಯಾವ ಗುಮಾಸ್ತನೂ ಹೇಳಬಲ್ಲ. ತಪ್ಪು ಅಲ್ಲಿ ಕೂತವರದಲ್ಲ, ಅಷ್ಟು ದೊಡ್ಡ ಕಟ್ಟನ್ನು ತ್ವರಿತ ಮಾರ್ಗಕ್ಕೆ ಬಿಟ್ಟವರದು.

ದೇಶಗಳಿಗೆ ತಮ್ಮ ಮತ ಬದಲಿಸಲು ಮಾರ್ಚ್ 29ರವರೆಗೆ ಅವಕಾಶವಿತ್ತು. ನಮ್ಮ ಸಮಿತಿ ಮಾರ್ಚ್ 20ರಂದು ಮತ್ತೆ ಕೂತಿತು. ವಿರುದ್ಧ 13, ಪರ 5. ಮರುದಿನ ಬೆಳಿಗ್ಗೆ ಹುಡುಗ ನನ್ನ ಮೇಜಿನ ಹತ್ತಿರ ಬಂದು ಬರಿಯ ಆ ಎರಡು ಅಂಕಿ ಹೇಳಿ ಹೋದ. ನಾನು ಅದನ್ನು ದಿನಚರಿಯಲ್ಲಿ ಕನ್ನಡ ಅಂಕಿಯಲ್ಲೇ ಬರೆದುಕೊಂಡೆ: ೧೩, ೫. ಭಾರತ ಎರಡನೆಯ ಸಲವೂ ಬೇಡ ಎಂದಿತ್ತು.

ಆದರೆ ಬೇರೆ ಹಲವು ದೇಶಗಳು ಮನಸ್ಸು ಬದಲಿಸಿದವು. ನಾರ್ವೆಯಲ್ಲಿ ಸಮಿತಿಯ ಬಹುಪಾಲು ತಜ್ಞರು ಬೇಡವೆಂದರೂ ಅಲ್ಲಿನ ಮಾನಕ ಸಂಸ್ಥೆ ಹೌದು ಎಂದು ಮತ ಕಳಿಸಿತು. ಏಪ್ರಿಲಿನಲ್ಲಿ ಓಸ್ಲೋ ನಗರದ ಬೀದಿಯಲ್ಲಿ ಒಂದು ಕಡತ ವಿನ್ಯಾಸದ ಮೇಲೆ ಮೆರವಣಿಗೆ ಹೊರಟಿತು. ಏಪ್ರಿಲ್ 2ರಂದು ಫಲಿತಾಂಶ ಪ್ರಕಟವಾಯಿತು: 32ರಲ್ಲಿ 24 ದೇಶ ಪರ, ಒಟ್ಟು ವಿರೋಧ 14 ಶೇಕಡಾ. ಓಓಎಕ್ಸ್‌ಎಂಎಲ್ ಗೆದ್ದಿತು. ದಕ್ಷಿಣ ಆಫ್ರಿಕಾ, ಬ್ರೆಜಿಲ್, ವೆನೆಜುವೆಲಾ, ಭಾರತ, ಈ ನಾಲ್ಕು ದೇಶಗಳು ಮೇಲ್ಮನವಿ ಸಲ್ಲಿಸಿದವು. ಆಗಸ್ಟ್‌ನಲ್ಲಿ ಮೇಲ್ಮನವಿ ವಜಾ ಆಯಿತು. ನವೆಂಬರಿನಲ್ಲಿ ಐಎಸ್‌ಒ 29500 ಎಂಬ ಸಂಖ್ಯೆಯಲ್ಲಿ ಮಾನಕ ಅಚ್ಚಾಯಿತು.

ಮರುತಿಂಗಳೇ ಲೋಕವೆಲ್ಲ ಹೈದರಾಬಾದಿಗೆ ಬಂತು. ವಿಶ್ವಸಂಸ್ಥೆಯ ಅಂತರ್ಜಾಲ ಆಡಳಿತ ವೇದಿಕೆಯ ಮೂರನೆಯ ಸಭೆ 2008ರ ಡಿಸೆಂಬರ್ 3ರಿಂದ 6ರವರೆಗೆ ಇಲ್ಲಿನ ಹೈಟೆಕ್ಸ್ ಪಕ್ಕದ ಸಮ್ಮೇಳನ ಭವನದಲ್ಲಿ ನಡೆಯಿತು. ಮುಂಬಯಿ ದಾಳಿಯಾಗಿ ಒಂದು ವಾರವಷ್ಟೇ ಆಗಿತ್ತು. ಬರಬೇಕಾದ ಎಷ್ಟೋ ಜನ ಬರಲಿಲ್ಲ, ಊರೆಲ್ಲ ಪೊಲೀಸರು. ಮುಕ್ತ ಮಾನಕಗಳಿಗಾಗಿ ಕಟ್ಟಿಕೊಂಡ ಒಕ್ಕೂಟವೊಂದು ಅಲ್ಲಿ ಸೇರಿತ್ತು. ಸರ್ಕಾರಗಳು ತಂತ್ರಾಂಶ ಕೊಳ್ಳುವಾಗ ಮುಕ್ತ ಮಾನಕಗಳನ್ನೇ ಕೇಳಬೇಕು ಎಂಬುದು ಅವರ ಮಾತು. ನಮ್ಮ ಹುಡುಗ ಎರಡು ದಿನ ರಜೆ ಹಾಕಿ ಹೋಗಿದ್ದ. ಆ ಭವನದಿಂದ ಗಚ್ಚಿಬೌಲಿ ಹತ್ತಿರ. 1998ರಲ್ಲಿ ಹೈದರಾಬಾದಿಗೆ ಬಂದ ಮೈಕ್ರೋಸಾಫ್ಟ್ ಅಭಿವೃದ್ಧಿ ಕೇಂದ್ರ ಅಲ್ಲಿದೆ. ಈ ಊರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಆ ಸಂಬಳದಿಂದ. ಕಂಪನಿಯ ಮೇಲೆ ಇಲ್ಲಿ ಯಾರಿಗೂ ದ್ವೇಷವಿರಲಿಲ್ಲ. ಅದರ ಕೆಲಸಗಾರರಲ್ಲಿ ನಮ್ಮ ಸಂಘದವರ ಮಕ್ಕಳೂ ಇದ್ದಾರೆ. ಮಾನಕದ ಪ್ರಶ್ನೆ ಬೇರೆ, ನೌಕರಿಯ ಪ್ರಶ್ನೆ ಬೇರೆ ಎಂದು ಎಲ್ಲರಿಗೂ ತಿಳಿದಿತ್ತು.

ಸೋತ ಹೋರಾಟದಿಂದ ಏನು ದಕ್ಕಿತು? ನನ್ನ ಲೆಕ್ಕದಲ್ಲಿ ಬಹಳ ದಕ್ಕಿತು. ಜಿನೀವಾ ಸಭೆಗೆ ಹತ್ತು ದಿನ ಮುಂಚೆ ಮೈಕ್ರೋಸಾಫ್ಟ್ ತನ್ನ ಹಳೆಯ ಡಾಕ್, ಎಕ್ಸೆಲ್ ಕಡತಗಳ ಒಳವಿನ್ಯಾಸದ ವಿವರಗಳನ್ನು ಎಲ್ಲರಿಗೂ ಪ್ರಕಟಿಸಿತು. ಅದು ಅಷ್ಟು ವರ್ಷ ಗುಟ್ಟಾಗಿದ್ದ ಮೋಡಿ. ವರ್ಡ್ 95ರಂಥ ಗುರುತುಗಳಿಗೆ ವಿವರಣೆ ಬರೆಯಬೇಕಾಯಿತು. ಮಾನಕವನ್ನು ಕಟ್ಟುನಿಟ್ಟಿನದು, ಹಳೆಯದನ್ನು ಸಾಗಹಾಕುವ ಸಂಕ್ರಮಣದ್ದು ಎಂದು ಎರಡು ಮಾಡಬೇಕಾಯಿತು. 2009ರಲ್ಲಿ ಬಂದ ಪರಿಷ್ಕರಣೆಯಿಂದ ಆಫೀಸ್ 2007 ಓಡಿಎಫ್ ಕಡತಗಳನ್ನೂ ಓದಿ ಬರೆಯತೊಡಗಿತು. 2010ರ ನವೆಂಬರಿನಲ್ಲಿ ಭಾರತ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿ ಹೊರಡಿಸಿತು. ಮಾನಕಕ್ಕೆ ರಾಯಧನ ಕೇಳಕೂಡದು, ಸಾಧ್ಯವಾದ ಕಡೆ ಒಂದು ಕೆಲಸಕ್ಕೆ ಒಂದೇ ಮಾನಕ ಇರಬೇಕು ಎಂಬುದು ಅದರ ಸಾರ. ಅದೇ ವರ್ಷ ಓಪನ್‌ಆಫೀಸಿನಿಂದ ಕವಲೊಡೆದು ಲಿಬ್ರೆಆಫೀಸ್ ಹುಟ್ಟಿತು.

ದಕ್ಕದ್ದೂ ಇದೆ. ಆಫೀಸ್ 2010 ಬಂದಾಗ ಅದು ತಾನಾಗಿ ಬರೆಯುತ್ತಿದ್ದದ್ದು ಸಂಕ್ರಮಣದ ರೂಪವನ್ನೇ. ಜಿನೀವಾ ಸಭೆ ನಡೆಸಿದ ಅಲೆಕ್ಸ್ ಬ್ರೌನ್ ಅವರೇ ಆ ವರ್ಷ ಬಹಿರಂಗವಾಗಿ ಬೇಸರ ಹೇಳಿಕೊಂಡರು. ಇವತ್ತಿಗೂ ನೀವು ವರ್ಡಿನಲ್ಲಿ ಉಳಿಸು ಎಂದು ಒತ್ತಿದರೆ ಆಗುವುದು ಅದೇ. ಕಟ್ಟುನಿಟ್ಟಿನ ರೂಪ ಬೇಕಾದರೆ ಪಟ್ಟಿಯಲ್ಲಿ ಹುಡುಕಿ ಆರಿಸಬೇಕು. ಹೀಗಾಗಿ 2007ರಲ್ಲಿ ನಮ್ಮ ಸಮಿತಿ ಎತ್ತಿದ ಪ್ರಶ್ನೆ ಹಳೆಯದಾಗಿಲ್ಲ ಎಂದೇ ನನ್ನ ತೀರ್ಮಾನ. ಎಲ್‌ಐಟಿಡಿ 15ರ ಆ ಹದಿಮೂರು ಮತಗಳು ಸರಿಯಾದ ಮತಗಳು.

ನಮ್ಮ 1998ರ ಸಂಚಿಕೆಯ ಕಥೆ ಮುಗಿಸಿ ನಿಲ್ಲಿಸುತ್ತೇನೆ. ನಿವೃತ್ತಿಯಾದ ಮೇಲೆ ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕ ಸಿಕ್ಕಿತು. ಹನ್ನೊಂದು ನೆನಪುಗಳಲ್ಲಿ ಒಂಬತ್ತು ಬಹುಮಟ್ಟಿಗೆ ಸರಿಯಾಗಿ ಬಂದವು. ಅರ್ಕಾವತ್ತುಗಳು ಕೆಟ್ಟಿದ್ದವು, ಒಂದೊಂದಾಗಿ ತಿದ್ದಿದೆ. ಎರಡು ಕಡತಗಳನ್ನು ಸಿ.ಡಿ.ಯಿಂದ ಓದಲಾಗಲೇ ಇಲ್ಲ. ಅವನ್ನು ಅಚ್ಚಾದ ಪ್ರತಿ ನೋಡಿ ಮತ್ತೆ ಹೊಡೆದೆ. ಹುಮನಾಬಾದಿನ ಅಜ್ಜಿಯೊಬ್ಬರು ಬಾವಿಯಲ್ಲಿ ಎರಡು ರಾತ್ರಿ ಅಡಗಿ ಕೂತ ಸಂಗತಿ ಆ ಎರಡರಲ್ಲಿ ಒಂದು. ಕಾಗದದ ಪ್ರತಿ ಒಂದು ಉಳಿದಿರದಿದ್ದರೆ ಅದೂ ಹೋಗುತ್ತಿತ್ತು.

ನಿಮ್ಮ ಸಂಘದ, ಶಾಲೆಯ, ದೇವಸ್ಥಾನದ ಬೀರುವಿನಲ್ಲಿ ಹಳೆಯ ಫ್ಲಾಪಿ, ಸಿ.ಡಿ. ಇದ್ದರೆ ಈ ತಿಂಗಳೇ ತೆಗೆಸಿ ನೋಡಿ. ಕನ್ನಡವನ್ನು ಯುನಿಕೋಡಿಗೆ ತನ್ನಿ. ಓಡಿಟಿಯಾಗಿ ಒಂದು ಪ್ರತಿ, ಯಾವ ಅಲಂಕಾರವೂ ಇಲ್ಲದ ಬರಿಯ ಪಠ್ಯವಾಗಿ ಒಂದು ಪ್ರತಿ ಉಳಿಸಿ. ಒಂದನ್ನು ಕಾಗದದ ಮೇಲೆ ಮುದ್ರಿಸಿ ಬೇರೆಯವರ ಮನೆಯಲ್ಲಿಡಿ. ಬರೆದವರಲ್ಲಿ ಯಾರಾದರೂ ಇನ್ನೂ ಇದ್ದರೆ, ಕೆಟ್ಟ ಅಕ್ಷರಗಳನ್ನು ಅವರನ್ನೇ ಕೇಳಿ ಈಗಲೇ ತಿದ್ದಿಸಿಕೊಳ್ಳಿ.